ಹತ್ತು ನಿಮಿಷಕ್ಕೊಂದು ತಾಣ

ಊರಿನಿಂದ ಲಂಡನ್ನಿಗೆ ಬರುವ ನೆಂಟರಿಷ್ಟರು ಮೊದಲು ಕೇಳುವುದೇ, "ಒಂದೇ ದಿನದಲ್ಲಿ ಎಲ್ಲ ತೋರಿಸೋ ಬಸ್ಸು ಇದೆಯಂತಲ್ಲ?" ಅಂತ. ಇದೆ. ಬಕಿಂಗ್‌ಹ್ಯಾಮ್ ಅರಮನೆಯ ಗೇಟಿನ ಮುಂದೆ ಹತ್ತು ನಿಮಿಷ, ಬಿಗ್ ಬೆನ್ ಎದುರು ಹತ್ತು ನಿಮಿಷ, ಟವರ್ ಬ್ರಿಡ್ಜ್ ಹತ್ತಿರ ಇಳಿದು ಒಂದು ಫೋಟೊ, ಮತ್ತೆ ಬಸ್ಸು. 1894ರಲ್ಲಿ ಕಟ್ಟಿ ಮುಗಿಸಿದ ಆ ಸೇತುವೆಯನ್ನೇ ಲಂಡನ್ ಬ್ರಿಡ್ಜ್ ಅಂದುಕೊಂಡು ಊರಿಗೆ ಮರಳಿದವರು ಎಷ್ಟೋ ಮಂದಿ. ವೀಸಾಕ್ಕೆ ಅಲೆದು, ಮಂಡಿನೋವು ಸಹಿಸಿಕೊಂಡು ಅಷ್ಟು ದೂರದಿಂದ ಬಂದ ಹಿರಿಯರಿಗೆ ಸಿಗುವುದು ಇಷ್ಟೇ ಎಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾಗಿ ನಮ್ಮನೆಗೆ ಬಂದವರನ್ನು ಟವರ್ ಆಫ್ ಲಂಡನ್ನಿಗೆ ಕರೆದೊಯ್ಯುತ್ತೇನೆ, ಅರ್ಧ ದಿನ ಅದೊಂದಕ್ಕೇ. ಅಲ್ಲಿ ಕೋಟೆ ತೋರಿಸುವವರು ಯೋಮನ್ ವಾರ್ಡರ್‌ಗಳು. ಕನಿಷ್ಠ 22 ವರ್ಷ ಸೇನೆಯಲ್ಲಿ ದುಡಿದವರಿಗೆ ಸಿಗುವ ಕೆಲಸ ಅದು. ಸಂಸಾರ ಸಮೇತ ಅವರ ವಾಸವೂ ಕೋಟೆಯೊಳಗೇ. ಅವರ ಟೂರಿಗೆ ಬೇರೆ ದುಡ್ಡಿಲ್ಲ, ಪ್ರವೇಶದ ಟಿಕೆಟ್ಟಿನಲ್ಲೇ ಸೇರಿದೆ. ಮೈಕೂ ಬೇಡದ ಕಂಠ. ಅತ್ತೆಯವರ ಜೊತೆ ಹೋದಾಗ ವಾರ್ಡರ್ ನಮ್ಮನ್ನೆಲ್ಲ ಸೇಂಟ್ ಪೀಟರ್ ಚಾಪೆಲ್‌ನ ಬೆಂಚುಗಳ ಮೇಲೆ ಕೂರಿಸಿ, 1536ರಲ್ಲಿ ಗಂಡನಾದ ರಾಜನೇ ತಲೆ ತೆಗೆಸಿದ ಆನ್ ಬೊಲಿನ್ ರಾಣಿಯನ್ನು ಹೂತಿದ್ದು ಇಲ್ಲೇ ಎಂದರು. ನಾನು ಪಿಸುಮಾತಿನಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. "ಅಯ್ಯೋ ಪಾಪ, ಮಕ್ಕಳಿದ್ವಾ?" ಅಂದರು ಅತ್ತೆ. ಒಬ್ಬಳು ಮಗಳು, ಮೂರು ವರ್ಷವೂ ತುಂಬಿರಲಿಲ್ಲ, ಮುಂದೆ ಅವಳೇ ಮೊದಲನೇ ಎಲಿಜಬೆತ್ ರಾಣಿಯಾದಳು ಎಂದೆ. ಕೊಹಿನೂರ್ ನೋಡಲು ಬಂದಿದ್ದ ಅತ್ತೆ ಊರಿಗೆ ಫೋನ್ ಮಾಡಿ ಹೇಳಿದ್ದು ಆ ತಾಯಿ ಮಗಳ ಕತೆಯನ್ನ.

ಇದನ್ನು ನೋಡುವಾಗಲೆಲ್ಲ ಮೈಸೂರು ಅರಮನೆ ನೆನಪಾಗುತ್ತದೆ. ನಮ್ಮಲ್ಲಿ ಕತೆಗೇನು ಬರವೇ? 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲೇ ಮರದ ಹಳೇ ಅರಮನೆಗೆ ಬೆಂಕಿ ಬಿತ್ತು. ಆಗ ಮಹಾರಾಜರಿನ್ನೂ ಬಾಲಕ; ರಾಜ್ಯ ನಡೆಸುತ್ತಿದ್ದ ತಾಯಿ ವಾಣಿವಿಲಾಸ ಸನ್ನಿಧಾನ ಹೊಸದನ್ನು ಕಟ್ಟಿಸಲು ನಿಂತರು. 1912ಕ್ಕೆ ಕೆಲಸ ಮುಗಿಯಿತು. ಕಲ್ಯಾಣ ಮಂಟಪದ ಕಬ್ಬಿಣದ ಕಂಬಗಳು ಗ್ಲಾಸ್ಗೋದಲ್ಲಿ ಎರಕ ಹೊಯ್ದು ಹಡಗಿನಲ್ಲಿ ಬಂದವು. ಗೋಡೆ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳನ್ನು ಫೋಟೊ ನೋಡಿ ಬರೆದದ್ದರಿಂದ ಅಲ್ಲಿರುವವು ನಿಜವಾದ ಜನರ ಮುಖಗಳು. ನಾವೋ, ಚಪ್ಪಲಿ ಬಿಟ್ಟು ಒಳಹೊಕ್ಕು, "ನಿಲ್ಬೇಡಿ, ಮುಂದೆ ನಡೀರಿ" ಎನ್ನುವ ಕೂಗಿಗೆ ಸರಿಯುತ್ತ ಸರಿಯುತ್ತ ಹೊರಬಿದ್ದಿರುತ್ತೇವೆ. ಒಳ್ಳೇ ಗೈಡುಗಳು ಇಲ್ಲವೆಂದಲ್ಲ. ಆದರೆ ಚೌಕಾಸಿ ಮಾಡಿ ಹಿಡಿದವರಿಗೆ ಮಾತ್ರ ಆ ಕತೆ. ಟಿಕೆಟ್ಟಿನಲ್ಲೇ ಸೇರಿಸಿ ಅರ್ಧ ಗಂಟೆಗೊಮ್ಮೆ ಕನ್ನಡದಲ್ಲಿ ಒಂದು ಸುತ್ತು ಇಟ್ಟರೆ ಏನು ಕಷ್ಟ? ಮಾವುತರ, ಅರಮನೆ ನೌಕರರ ಮನೆತನಗಳು ಅಲ್ಲೇ ಇವೆ. ಅವರಿಗಿಂತ ಚೆನ್ನಾಗಿ ಹೇಳುವವರು ಯಾರು?

ಇಲ್ಲಿಯದೆಲ್ಲ ಮೇಲು ಎಂದು ನಾನು ಒಪ್ಪುವುದಿಲ್ಲ. ಇಲ್ಲಿಯ ಟೂರಿನಲ್ಲಿ ಗಂಟೆಗಟ್ಟಲೆ ಜೊತೆಗೆ ನಡೆದವರೂ ಕೊನೆಗೆ ಪರಸ್ಪರ ಹೆಸರು ಕೇಳದೆ ಚದುರುತ್ತಾರೆ. ನಮ್ಮ ಬಸ್ಸಿನಲ್ಲಿ ಮಧ್ಯಾಹ್ನದೊಳಗೆ ಚಪಾತಿ ಪಲ್ಯ ಹಂಚಿಕೊಂಡಾಗಿರುತ್ತದೆ, ಯಾರದೋ ಅಜ್ಜಿಯ ಕೈ ಇನ್ಯಾರೋ ಹಿಡಿದಿರುತ್ತಾರೆ. ಅದನ್ನು ಬಿಡಬಾರದು. ತಾಣಗಳನ್ನು ಕಡಿಮೆ ಮಾಡಿದರೆ ಸಾಕು.

ಲಂಡನ್ನಿನ ಕನ್ನಡಿಗರು ನಾವೇ ಶುರುಮಾಡಬಹುದಲ್ಲ? ಲಂಡನ್ನಿನದೇ ಒಂದು ಭಾಗವಾದ ಲ್ಯಾಂಬೆತ್‌ನ ಮಾಜಿ ಮೇಯರ್, ಕಲಬುರಗಿ ಮೂಲದ ನೀರಜ್ ಪಾಟೀಲರ ಮುತುವರ್ಜಿಯಿಂದ ಥೇಮ್ಸ್ ದಡದಲ್ಲಿ ಬಸವಣ್ಣನ ಪ್ರತಿಮೆ ನಿಂತಿದೆ. ನವೆಂಬರ್ 2015ರಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಹೊಳೆಯಾಚೆ ಬ್ರಿಟಿಷ್ ಸಂಸತ್ತು. ಅನುಭವ ಮಂಟಪದ ಮಾತಾಡಲು ಇದಕ್ಕಿಂತ ಒಳ್ಳೇ ಜಾಗ ಬೇಕೇ? ಅಲ್ಲಿಂದ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋದರೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತು ತಂದ ಟಿಪ್ಪುವಿನ ಮರದ ಹುಲಿ ಇದೆ, ಪ್ರವೇಶ ಉಚಿತ. ಒಂದು ದಿನಕ್ಕೆ ಈ ಎರಡೇ ಸಾಕು. ಊರಿನಿಂದ ಬರುವವರು ಮುಂಚೆ ತಿಳಿಸಿದರೆ ಶನಿವಾರಗಳಲ್ಲಿ ಜೊತೆಗೆ ಬಂದು ಕನ್ನಡದಲ್ಲಿ ಹೇಳಲು ನಾನು ತಯಾರು.