ಸತ್ಯಾಂಶ: ಹಜಾರ್ಡ್ ಲೈಟ್ ಹಾಕಿದರೆ ಗೇಟಿನ ಮುಂದೆ ಕಾರು ನಿಲ್ಲಿಸಬಹುದೇ?

‘ಎಂಜಿನ್ ಚಾಲೂ ಇದ್ದು, ಹಜಾರ್ಡ್ ಲೈಟ್ ಹಾಕಿ, ಚಾಲಕ ಒಳಗೇ ಕೂತಿದ್ದರೆ ಅದು ಪಾರ್ಕಿಂಗ್ ಅಲ್ಲ, ಯಾರ ಮನೆ ಗೇಟಿನ ಮುಂದಾದರೂ ನಿಲ್ಲಿಸಬಹುದು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಹಲವು ದೇಶಗಳು ಒಪ್ಪಿಕೊಂಡಿರುವ 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದ ನೋಡುವುದು ವಾಹನ ಯಾಕೆ ನಿಂತಿದೆ ಎಂಬುದನ್ನು. ಜನರನ್ನು ಹತ್ತಿಸಿ ಇಳಿಸಲು, ಸಾಮಾನು ಏರಿಸಿ ಇಳಿಸಲು ಬೇಕಾದಷ್ಟು ಹೊತ್ತು ನಿಂತರೆ ಅದು ತಾತ್ಕಾಲಿಕ ನಿಲುಗಡೆ. ಫೋನಿನಲ್ಲಿ ಮಾತಾಡುತ್ತಲೋ ಯಾರಿಗೋ ಕಾಯುತ್ತಲೋ ನಿಂತರೆ ಪಾರ್ಕಿಂಗ್. ಆಸ್ತಿಗಳ ವಾಹನ ದ್ವಾರದ ಎದುರು ಪಾರ್ಕಿಂಗನ್ನು ಅದೇ ಒಪ್ಪಂದ ನಿಷೇಧಿಸುತ್ತದೆ. ಹಜಾರ್ಡ್ ಲೈಟ್ ಇರುವುದು ಇತರರನ್ನು ಎಚ್ಚರಿಸಲು, ಅನುಮತಿ ಕೊಡಲು ಅಲ್ಲ. ಸ್ಥಳೀಯ ನಿಯಮ ಇನ್ನೂ ಬಿಗಿಯಾಗಿರಬಹುದು.

ನಿಮ್ಮ ಕಾರು ಗೇಟಿಗೆ ಪೂರ್ತಿ ಅಡ್ಡವಾಗದಿದ್ದರೂ ತೊಂದರೆ ತಪ್ಪದು. ಆ ಮನೆಯ ಕಾರು ಹೊರಬರುವಾಗ ನೇರ ಬರುವುದಿಲ್ಲ, ತಿರುಗಿಕೊಂಡೇ ಬರಬೇಕು; ಆಗ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗಿನ ದಾರಿ ಹಿಡಿಯುತ್ತದೆ. ಆದ್ದರಿಂದ ಗೇಟಿನ ರ‍್ಯಾಂಪಿನ ಅಂಚಿನಿಂದ ನಿಮ್ಮ ಬಂಪರ್‌ವರೆಗೆ (ಚಕ್ರದವರೆಗೆ ಅಲ್ಲ) ಕನಿಷ್ಠ ಒಂದು ಮೀಟರ್ ಬಿಡಿ. ರಸ್ತೆ ಕಿರಿದಾಗಿದ್ದರೆ ಗೇಟಿನ ಎದುರು ಬದಿಯನ್ನೂ ಖಾಲಿ ಬಿಡಬೇಕು. ಇದನ್ನು ಬಹಳ ಮಂದಿ ಮರೆಯುತ್ತಾರೆ. ಆಂಬುಲೆನ್ಸ್ ಬಂದಾಗ ಸ್ಟ್ರೆಚರ್ ಹೊರತರಲೂ ಅದೇ ಜಾಗ ಬೇಕು. ಡ್ಯಾಶ್‌ಬೋರ್ಡಿನ ಮೇಲೆ ಫೋನ್ ನಂಬರ್ ಇಡುವುದು ಒಳ್ಳೆಯದೇ, ಆದರೆ ಅದು ಪರವಾನಗಿಯಲ್ಲ.

ನಿಮ್ಮ ಗೇಟಿಗೇ ಯಾರಾದರೂ ಅಡ್ಡ ನಿಲ್ಲಿಸಿದರೆ, ನಂಬರ್ ಪ್ಲೇಟು ಮತ್ತು ಗೇಟು ಎರಡೂ ಕಾಣುವಂತೆ ಫೋಟೋ ತೆಗೆದು ಸಂಚಾರ ಪೊಲೀಸರಿಗೆ ತಿಳಿಸಿ. ಟೈರಿನ ಗಾಳಿ ತೆಗೆಯಬೇಡಿ: ವಾಹನ ಅಲ್ಲೇ ಉಳಿಯುತ್ತದೆ, ದೂರು ನಿಮ್ಮ ಮೇಲೆ ಬರುತ್ತದೆ.