ಸತ್ತವನದ್ದೇ ತಪ್ಪು, ರಸ್ತೆಯದ್ದು ಏನೂ ಇಲ್ಲ!

ಬೆಳಿಗ್ಗೆ ಪೇಪರ್‌ನ ತುಮಕೂರು ಜಿಲ್ಲಾ ಪುಟ ತೆಗೆದರೆ ಸಾಕು, ಮೈ ಉರಿಯುತ್ತದೆ. ಮೂಲೆಯಲ್ಲಿ ನಾಲ್ಕೇ ನಾಲ್ಕು ಸಾಲು. ಲಾರಿ ಡಿಕ್ಕಿ, ಬೈಕ್ ಸವಾರ ಸಾವು. ಇವತ್ತು ಕ್ಯಾತ್ಸಂದ್ರ, ನಾಳೆ ಗುಬ್ಬಿ, ನಾಡಿದ್ದು ಶಿರಾ, ಆಮೇಲೆ ಕುಣಿಗಲ್. ಊರು ಬದಲಾಗುತ್ತದೆ, ಸತ್ತವರ ಹೆಸರು ಬದಲಾಗುತ್ತದೆ. ಕೊನೆಯ ಸಾಲು ಮಾತ್ರ ಅದೇ: 'ಅತಿವೇಗ ಮತ್ತು ಅಜಾಗರೂಕತೆಯ ಚಾಲನೆಯೇ ಅಪಘಾತಕ್ಕೆ ಕಾರಣ ಎನ್ನಲಾಗಿದೆ.' ಇದನ್ನು ಯಾರೋ ಒಬ್ಬರು ಎಂದೋ ಟೈಪ್ ಮಾಡಿಟ್ಟುಕೊಂಡಿರಬೇಕು. ದಿನಾ ಹೆಸರು ತುಂಬಿ ಕಳಿಸುತ್ತಾರೆ ಅಷ್ಟೇ.

ಅತಿವೇಗ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಒಂದೇ ತಿರುವಿನಲ್ಲಿ, ಒಂದೇ ಜಂಕ್ಷನ್‌ನಲ್ಲಿ ವರ್ಷ ವರ್ಷ ಜನ ಬೀಳುತ್ತಾರೆ ಅಂದರೆ ಅಲ್ಲಿಗೆ ಬಂದವರೆಲ್ಲ ಅದೇ ಜಾಗಕ್ಕೆ ಸರಿಯಾಗಿ ತಲೆಕೆಟ್ಟವರಾಗುತ್ತಾರಾ? ಜಾಗದ್ದೂ ಏನೋ ಇರಬೇಕು ಅಲ್ವಾ? ಕೇಂದ್ರ ಸಾರಿಗೆ ಇಲಾಖೆಯೇ ಲೆಕ್ಕ ಕೊಟ್ಟಿದೆ. ಹೆದ್ದಾರಿಯ 500 ಮೀಟರ್ ಉದ್ದದ ಒಂದು ಭಾಗದಲ್ಲಿ 3 ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತ ಆದರೆ, ಇಲ್ಲವೇ 10 ಜನ ಸತ್ತರೆ ಅದು ಬ್ಲ್ಯಾಕ್ ಸ್ಪಾಟ್. ಅಂದರೆ ತಪ್ಪು ರಸ್ತೆಯದ್ದೂ ಇರುತ್ತದೆ ಅಂತ ಸರ್ಕಾರಕ್ಕೆ ಗೊತ್ತು. ಆದರೂ ಠಾಣೆಯಲ್ಲಿ ಕೇಸ್ ಬರೆಯುವಾಗ ರಸ್ತೆ ಯಾವತ್ತೂ ಆರೋಪಿ ಆಗುವುದಿಲ್ಲ. ಮೊದಲು ಐಪಿಸಿ ಸೆಕ್ಷನ್ 279, 304ಎ, ಅಂದರೆ ಅಜಾಗರೂಕ ಚಾಲನೆ, ನಿರ್ಲಕ್ಷ್ಯದಿಂದ ಸಾವು. ಈಗ ಹೊಸ ಕಾನೂನಿನಲ್ಲಿ 281, 106. ನಂಬರ್ ಬದಲಾಯಿತು. ಸಿಕ್ಕಿಬೀಳುವವನು ಮಾತ್ರ ಸ್ಟಿಯರಿಂಗ್ ಹಿಡಿದವನು. ಇಲ್ಲ ಅಂದರೆ ಸತ್ತೇ ಹೋದವನು.

ರಸ್ತೆ ಮಾಡಿದವರಿಗೂ ಒಂದು ಸೆಕ್ಷನ್ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ 198ಎ ಅಂತ ಸೇರಿಸಿದರು. ರಸ್ತೆಯ ವಿನ್ಯಾಸ, ಕಾಮಗಾರಿ, ನಿರ್ವಹಣೆ ನಿಯಮದ ಪ್ರಕಾರ ಇಲ್ಲದೆ ಅದರಿಂದ ಯಾರಾದರೂ ಸತ್ತರೆ ಸಂಬಂಧಪಟ್ಟ ಅಧಿಕಾರಿ, ಗುತ್ತಿಗೆದಾರ, ಕನ್ಸಲ್ಟೆಂಟ್ ದಂಡ ಕಟ್ಟಬೇಕು. ಎಷ್ಟು? ಹೆಚ್ಚೆಂದರೆ 1 ಲಕ್ಷ. ಒಂದು ಜೀವಕ್ಕೆ! ನಮ್ಮಲ್ಲಿ ಒಂದು ಬೈಕಿನ ಆನ್‌ರೋಡ್ ಬೆಲೆ ಅದಕ್ಕಿಂತ ಜಾಸ್ತಿ. ಆ 1 ಲಕ್ಷವನ್ನಾದರೂ ಯಾರಾದರೂ ಕಟ್ಟಿದ್ದು ನಾನಂತೂ ಪೇಪರ್‌ನಲ್ಲಿ ಓದಿಲ್ಲ.

ನಮ್ಮ ತುಮಕೂರಿನ ಕಥೆ ನೋಡಿ. ಒಂದು ಕಡೆ ಬೆಂಗಳೂರಿನಿಂದ ಮುಂಬೈ ಕಡೆ ಹೋಗುವ 48ನೇ ನಂಬರ್ ಹೆದ್ದಾರಿ. ರಾತ್ರಿ ಹಗಲು ಕಂಟೇನರ್, ಟ್ಯಾಂಕರ್, ಸ್ಲೀಪರ್ ಬಸ್. ಇನ್ನೊಂದು ಕಡೆ ಊರನ್ನು ಸೀಳಿಕೊಂಡು ಹೋಗುವ ಬಿ.ಎಚ್. ರಸ್ತೆ. ಬೆಂಗಳೂರು–ಹೊನ್ನಾವರ ರಸ್ತೆ ಅಂತ ಅದರ ಪೂರ್ತಿ ಹೆಸರು. ಹೊನ್ನಾವರಕ್ಕೆ ಹೋಗಬೇಕಿದ್ದ ರಸ್ತೆಯಲ್ಲಿ ಈಗ ಸ್ಕೂಲ್ ವ್ಯಾನು, ಆಟೋ, ಸಿಟಿ ಬಸ್ಸು, ತರಕಾರಿ ಗಾಡಿ, ಕಾಲೇಜು ಹುಡುಗರು ಎಲ್ಲರೂ ಇದ್ದಾರೆ. 2016ರಲ್ಲಿ ನಮ್ಮೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ರಸ್ತೆ ಅಗೆದರು, ಮುಚ್ಚಿದರು, ಮತ್ತೆ ಅಗೆದರು. ಫುಟ್‌ಪಾತ್‌ಗೆ ಟೈಲ್ಸ್ ಬಂತು. ಅದರ ಮೇಲೆ ಬೈಕುಗಳು ನಿಂತವು, ಪಾನಿಪುರಿ ಗಾಡಿ ನಿಂತಿತು. ನಡೆಯುವವರು ಎಲ್ಲಿ ನಡೆಯುತ್ತಾರೆ? ಬಸ್ಸಿನ ಪಕ್ಕದಲ್ಲೇ, ರಸ್ತೆ ಮೇಲೆ. ಟೌನ್‌ಹಾಲ್ ಸರ್ಕಲ್ ಹತ್ತಿರ ವಯಸ್ಸಾದವರು ರಸ್ತೆ ದಾಟುವುದನ್ನು ಒಮ್ಮೆ ನಿಂತು ನೋಡಿ. ಕೈ ಎತ್ತಿ, ದೇವರ ಮೇಲೆ ಭಾರ ಹಾಕಿ ಇಳಿಯುತ್ತಾರೆ.

ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯದ್ದು ಇನ್ನೊಂದು ಗೋಳು. ಅಲ್ಲಿ ಎದುರಿನಿಂದ ಬರುವ ಬೈಕ್‌ಗಳೇ ಅರ್ಧ. 'ರಾಂಗ್ ಸೈಡ್‌ನಲ್ಲಿ ಬರ್ತಾರೆ, ಬುದ್ಧಿ ಇಲ್ಲ' ಅಂತ ಬೈಯುವುದು ಸುಲಭ, ನಾನೂ ಬೈಯುತ್ತೇನೆ. ಆದರೆ ಆಚೆ ಬದಿಯ ಪೆಟ್ರೋಲ್ ಬಂಕ್ ಕಣ್ಣೆದುರೇ ಕಾಣುತ್ತಿರುವಾಗ ಅಂಡರ್‌ಪಾಸ್‌ವರೆಗೆ ಹೋಗಿ ಸುತ್ತಿಕೊಂಡು ಬಾ ಅಂದರೆ, ತಿಂಗಳಿಗೆ ಹದಿನೈದು ಸಾವಿರ ಸಂಬಳದಲ್ಲಿ ಪೆಟ್ರೋಲ್ ಲೆಕ್ಕ ಹಾಕಿ ಓಡಾಡುವ ಗಾರ್ಮೆಂಟ್ಸ್ ಹುಡುಗ ಏನು ಮಾಡುತ್ತಾನೆ? ಅಡ್ಡದಾರಿ ಹಿಡಿಯುತ್ತಾನೆ. ಇದು ನಕ್ಷೆ ಬರೆಯುವಾಗಲೇ ಹೊಳೆಯಬೇಕಾದ ವಿಷಯ. ನಕ್ಷೆ ಬರೆದವರು ಎಸಿ ಕಾರಿನಲ್ಲಿ ಬಂದು ನೋಡಿ ಹೋಗಿರುತ್ತಾರೆ. ಅವರಿಗೆ ಎರಡು ಕಿಲೋಮೀಟರ್ ಅಂದರೆ ಎರಡು ನಿಮಿಷ.

ಈಗ ಹಂಪ್‌ಗೆ ಬರುತ್ತೇನೆ. ಹೊಟ್ಟೆ ಉರಿ ಇರುವುದೇ ಇಲ್ಲಿ.

ನಮ್ಮ ಬಡಾವಣೆಯ ರಸ್ತೆಯಲ್ಲಿ ಒಂದು ರಾತ್ರಿ ಹಂಪ್ ಹುಟ್ಟಿತು. ಸಂಜೆ ಇರಲಿಲ್ಲ, ಬೆಳಿಗ್ಗೆ ಇತ್ತು. ಹಂಪ್ ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ರಸ್ತೆಗಳಿಗೆ ಮಾನದಂಡ ಹೇಳುವ ಸಂಸ್ಥೆ) ಅಳತೆ ಕೊಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ವಾಹನ ನಿಧಾನಕ್ಕೆ ಹತ್ತಿ ಇಳಿಯಬೇಕು. ಮೇಲೆ ಬಣ್ಣದ ಪಟ್ಟಿ ಇರಬೇಕು, ಮೊದಲೇ ಬೋರ್ಡ್ ಇರಬೇಕು. ನಮ್ಮದು ಮೊಣಕೈ ಉದ್ದದಷ್ಟು ಅಗಲ, ಅರ್ಧ ಅಡಿ ಎತ್ತರ, ಡಾಂಬರಿನ ಮೇಲೆ ಡಾಂಬರು. ಕತ್ತಲಲ್ಲಿ ಕಾಣುವ ಮಾತೇ ಇಲ್ಲ. ಬೀದಿದೀಪ ಇದೆ, ಸರಿಯಾಗಿ ಅದರ ಮೇಲೊಂದು ಹೊಂಗೆ ಮರ. ಪಕ್ಕದ ಮನೆಯವರು ನೈಟ್ ಶಿಫ್ಟ್ ಮುಗಿಸಿಕೊಂಡು ಸ್ಕೂಟರ್‌ನಲ್ಲಿ ಬರುತ್ತಿದ್ದರು. ಹಂಪ್ ಹತ್ತಿದ ಸ್ಕೂಟರ್ ಗಾಳಿಯಲ್ಲಿ ಹಾರಿತು, ಅವರು ಬಲಭುಜದ ಮೇಲೆ ಬಿದ್ದರು. ಕಾಲರ್ ಬೋನ್ ಮುರಿದು ತಿಂಗಳುಗಟ್ಟಲೆ ರಜೆ. ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ, ರಜೆ ಅಂದರೆ ಸಂಬಳ ಇಲ್ಲ. ಪುಣ್ಯಕ್ಕೆ ಹಿಂದೆ ಬೇರೆ ವಾಹನ ಇರಲಿಲ್ಲ.

ನಾವು ನಾಲ್ಕು ಮನೆಯವರು ಅರ್ಜಿ ಬರೆದುಕೊಂಡು ಹೋದೆವು. ಯಾವ ಕಚೇರಿ ಅಂತ ಹೇಳುವುದಿಲ್ಲ, ಹೇಳಿದರೂ ಏನೂ ವ್ಯತ್ಯಾಸ ಆಗುವುದಿಲ್ಲ. ಮೊದಲನೆಯವರು ಆ ರಸ್ತೆ ನಮ್ಮದಲ್ಲ ಅಂದರು. ಎರಡನೆಯವರು ರಸ್ತೆ ನಮ್ಮದೇ, ಆದರೆ ಹಂಪ್ ನಾವು ಹಾಕಿಲ್ಲ ಅಂದರು. ಇನ್ನೊಬ್ಬರು 'ಸಾರ್ವಜನಿಕರ ಒತ್ತಾಯದ ಮೇಲೆ ಹಾಕಿರಬಹುದು' ಅಂದರು. ಯಾವ ಸಾರ್ವಜನಿಕರು? ನಾವೇ ತಾನೇ ಸಾರ್ವಜನಿಕರು! ಅರ್ಜಿ ಮೇಲೆ ಸೀಲು ಬಿತ್ತು. ಅಷ್ಟೇ ಲಾಭ.

ಸವಾರರೆಲ್ಲ ಸಂಪನ್ನರು ಅಂತ ವಾದ ಮಾಡಲು ಬಂದಿಲ್ಲ. ನನ್ನದು ಟೂ ವೀಲರ್ ಸಾಮಾನಿನ ಅಂಗಡಿ. ಸೀಟ್ ಕವರ್, ಹಾರನ್, ಕನ್ನಡಿ, ಹೆಲ್ಮೆಟ್. ಅಂಗಡಿ ಕೌಂಟರ್ ಹಿಂದೆ ನಿಂತರೆ ಜನರ ತಲೆಯೊಳಗೆ ಏನಿದೆ ಅಂತ ಗೊತ್ತಾಗುತ್ತದೆ. ಹೊಸ ಬೈಕ್ ತಂದವನು ಮೊದಲು ಬಿಚ್ಚಿಸುವುದು ಎರಡೂ ಕನ್ನಡಿಗಳನ್ನು. ಲುಕ್ ಹಾಳಾಗುತ್ತದಂತೆ. ಒಂದೂವರೆ ಲಕ್ಷದ ಗಾಡಿ ಇಟ್ಟುಕೊಂಡು 'ಅಣ್ಣಾ, ಇನ್ನೂರು ರೂಪಾಯಿ ಒಳಗೆ ಒಂದು ಹೆಲ್ಮೆಟ್ ಕೊಡಿ, ಪೊಲೀಸರಿಗೆ ತೋರಿಸೋಕೆ ಅಷ್ಟೇ' ಅನ್ನುತ್ತಾರೆ. ನಾನು ಒಳ್ಳೆಯದನ್ನು ತಿರುಗಿಸಿ ಒಳಗಿನ ಥರ್ಮೋಕೋಲ್ ಒತ್ತಿ ತೋರಿಸುತ್ತೇನೆ. ಬಿದ್ದಾಗ ತಲೆ ಉಳಿಸುವುದು ಆ ಬಿಳಿ ಪದರ. ಇನ್ನೂರರ ಟೋಪಿಯಲ್ಲಿ ಅದರ ಬದಲು ತೆಳು ಸ್ಪಂಜು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾಡುವಂತಿಲ್ಲ, ಮಾರುವಂತಿಲ್ಲ ಅಂತ ಕಾನೂನು. ರಸ್ತೆ ಬದಿಯಲ್ಲಿ ಕಲ್ಲಂಗಡಿ ರಾಶಿ ಹಾಕಿದ ಹಾಗೆ ಹಾಕಿ ಮಾರುತ್ತಿರುವುದು ಮತ್ತೆ ಏನನ್ನು? ಹಿಡಿಯುವವರು ಅದರ ಮುಂದೆಯೇ ನಿಂತು, ತಲೆ ಮೇಲೆ ಏನೂ ಇಲ್ಲದವನಿಗೆ 500 ರೂಪಾಯಿ ರಸೀದಿ ಹರಿಯುತ್ತಾರೆ.

ಇನ್ನು ಹಿಂದೆ ಕೂತವರು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಆಗಿದ್ದು 2016ರಲ್ಲಿ. ಗಂಡನ ತಲೆಗೆ ಹೆಲ್ಮೆಟ್, ಹೆಂಡತಿಯ ತಲೆಗೆ ಮಲ್ಲಿಗೆ, ಮಧ್ಯದ ಮಗುವಿಗೆ ಏನೂ ಇಲ್ಲ. 2022 ಒಂದೇ ವರ್ಷ ಹೆಲ್ಮೆಟ್ ಇಲ್ಲದೆ ದೇಶದಲ್ಲಿ ಸತ್ತವರು 50,029. ಅದರಲ್ಲಿ 14 ಸಾವಿರಕ್ಕೂ ಜಾಸ್ತಿ ಜನ ಹಿಂದೆ ಕೂತವರು. ಗಾಡಿ ಓಡಿಸಿದ್ದೂ ಅವರಲ್ಲ, ವೇಗ ಮಾಡಿದ್ದೂ ಅವರಲ್ಲ.

ದಂಡದ ಭಯ ಇರಬೇಕು ಅನ್ನುತ್ತೀರಾ? ಅದನ್ನೂ ನಮ್ಮವರು ಆಷಾಢ ಸೇಲ್ ಮಾಡಿಬಿಟ್ಟರು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ 50% ರಿಯಾಯಿತಿ. ಜನ ಕ್ಯೂ ನಿಂತು ಕಟ್ಟಿದರು, ಕೋಟಿ ಕೋಟಿ ಬಂತು ಅಂತ ಸುದ್ದಿ. ಆಮೇಲೆ ಮತ್ತೆ ಕೊಟ್ಟರು. 2025ರಲ್ಲಿ ಇನ್ನೊಮ್ಮೆ. ಈಗ ನನ್ನ ಗಿರಾಕಿಗಳು ನೋಟಿಸ್ ಬಂದರೆ ಕಟ್ಟುವುದಿಲ್ಲ. 'ಆಫರ್ ಬರಲಿ ಬಿಡಿ ಅಣ್ಣಾ' ಅನ್ನುತ್ತಾರೆ. ಸಿಗ್ನಲ್ ಜಂಪ್ ಮಾಡಿದವನಿಗೆ ಡಿಸ್ಕೌಂಟ್, ಸರಿಯಾಗಿ ನಿಂತವನಿಗೆ ಹಿಂದಿನಿಂದ ಹಾರನ್!

ರಾಜ್ಯದ ಲೆಕ್ಕ ಕೇಳಿ. 2022ರಲ್ಲಿ ಕರ್ನಾಟಕದ ರಸ್ತೆಗಳಲ್ಲಿ ಸತ್ತವರು 11,702. 2023ರಲ್ಲಿ 12,321. ದಿನಕ್ಕೆ 33ಕ್ಕೂ ಜಾಸ್ತಿ ಆಯಿತು. ಒಂದೇ ಬಸ್ಸಿನಲ್ಲಿ 33 ಜನ ಸತ್ತರೆ ಮಂತ್ರಿಗಳು ಓಡಿ ಬರುತ್ತಾರೆ, ಪರಿಹಾರ ಘೋಷಣೆ ಆಗುತ್ತದೆ. ಮೂಲೆ ಮೂಲೆಯಲ್ಲಿ ಒಬ್ಬೊಬ್ಬರಾಗಿ ಸತ್ತರೆ ನಾಲ್ಕು ಸಾಲು.

ದೊಡ್ಡ ಅಪಘಾತ ಆದಾಗಲಾದರೂ ಏನು ಮಾತಾಡುತ್ತೇವೆ? 2022ರ ಮಾರ್ಚ್‌ನಲ್ಲಿ ಪಾವಗಡದ ಹತ್ತಿರ ವಿದ್ಯಾರ್ಥಿಗಳು ತುಂಬಿದ್ದ ಖಾಸಗಿ ಬಸ್ ಮಗುಚಿತು. ಅದೇ ವರ್ಷ ಆಗಸ್ಟ್‌ನಲ್ಲಿ ಶಿರಾ ತಾಲ್ಲೂಕಿನ ಬಾಳೇನಹಳ್ಳಿ ಹತ್ತಿರ ಕ್ರೂಸರ್ ಮತ್ತು ಲಾರಿ ಡಿಕ್ಕಿಯಾಗಿ 9 ಜನ ಹೋದರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟವರು. ಒಂದು ಕ್ರೂಸರ್‌ನಲ್ಲಿ 20ಕ್ಕೂ ಹೆಚ್ಚು ಜನ. ಎಲ್ಲರೂ ಓವರ್‌ಲೋಡ್ ಅಂದರು. ಹೌದು, ಓವರ್‌ಲೋಡ್. ಅವರ್ಯಾಕೆ ಹಾಗೆ ತುಂಬಿಕೊಂಡು ಹೊರಟರು, ಅವರಿಗೆ ಬೇರೆ ಏನು ಇತ್ತು ಅಂತ ಎಷ್ಟು ಜನ ಕೇಳಿದರು? 2024ರ ಡಿಸೆಂಬರ್‌ನಲ್ಲಿ ನೆಲಮಂಗಲದ ಹತ್ತಿರ ನಮ್ಮ ಇದೇ ಹೆದ್ದಾರಿಯಲ್ಲಿ ಕಂಟೇನರ್ ಲಾರಿ ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ 6 ಮಂದಿ ಸತ್ತರು. ಎಲ್ಲರ ಬಾಯಲ್ಲೂ ಆ ಕಾರಿನ ಬೆಲೆ, ಆ ಕಾರಿನ ಸೇಫ್ಟಿ ರೇಟಿಂಗ್. ಅಷ್ಟು ಭಾರದ ಲಾರಿ ಡಿವೈಡರ್ ದಾಟಿ ಆಚೆ ಬದಿಗೆ ಹೇಗೆ ಬಂತು ಅನ್ನುವುದು ಯಾರಿಗೂ ಬೇಕಾಗಲಿಲ್ಲ.

ಏನೂ ಮಾಡಲು ಆಗುವುದಿಲ್ಲ, ಹಣೆಬರಹ ಅನ್ನುವವರಿಗೆ ಮಂಡ್ಯದ ಕಡೆ ಕೈ ತೋರಿಸುತ್ತೇನೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಆ ವರ್ಷ ಅಲ್ಲಿ ಸತ್ತವರು 188. ಜನ ರೊಚ್ಚಿಗೆದ್ದರು, ಟೀವಿಯಲ್ಲಿ ದಿನಾ ಅದೇ. ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರದಂತೆ ಮಾಡಿದರು. 100 ಕಿ.ಮೀ. ಮಿತಿ ಹಾಕಿ ಕ್ಯಾಮೆರಾ ಕಟ್ಟಿದರು, ಸುಮ್ನೆ ಬೋರ್ಡ್ ನೆಟ್ಟು ಕೈ ತೊಳೆದುಕೊಳ್ಳಲಿಲ್ಲ. 2024ರಲ್ಲಿ ಸಾವು 50ಕ್ಕೆ ಇಳಿಯಿತು. 188 ಎಲ್ಲಿ, 50 ಎಲ್ಲಿ! ಅದೇ ಜನ, ಅದೇ ಡ್ರೈವರ್‌ಗಳು, ಅದೇ ಮಳೆ. ಬೈಕಿನವರನ್ನು ಸರ್ವಿಸ್ ರಸ್ತೆಗೆ ತಳ್ಳಿದರು ಅಂತ ಬೇಜಾರು ನನಗೂ ಇದೆ, ಅದು ಬೇರೆ ಜಗಳ. ಆದರೆ ಮನಸ್ಸು ಮಾಡಿದರೆ ಆಗುತ್ತದೆ ಅಂತ ಅಲ್ಲಿ ಗೊತ್ತಾಯಿತು. ಅಲ್ಲಿ ಮನಸ್ಸು ಮಾಡಿದ್ದು ಯಾಕೆ ಅಂದರೆ ಅದು ದೊಡ್ಡವರು ವೀಕೆಂಡ್‌ಗೆ ಓಡಾಡುವ ರಸ್ತೆ. ನಮ್ಮ ಗುಬ್ಬಿ ಗೇಟ್ ಹತ್ತಿರ ಯಾವ ದೊಡ್ಡವರು ಬೈಕ್‌ನಲ್ಲಿ ಬರುತ್ತಾರೆ?

ಬಿದ್ದ ಮೇಲಿನದ್ದು ಇನ್ನೊಂದು ನರಕ. ತುಮಕೂರಿನಲ್ಲಿ ಯಾರಿಗಾದರೂ ತಲೆಗೆ ಜೋರು ಪೆಟ್ಟಾಯಿತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು, 'ನಿಮ್ಹಾನ್ಸ್‌ಗೆ ಹಾಕ್ಕೊಂಡು ಹೋಗಿ.' ಬೆಂಗಳೂರು 70 ಕಿಲೋಮೀಟರ್. ನೆಲಮಂಗಲದವರೆಗೆ ಆಂಬುಲೆನ್ಸ್ ಹಾರಿಕೊಂಡು ಹೋಗುತ್ತದೆ. ಆಮೇಲೆ ಪೀಣ್ಯ, ಗೊರಗುಂಟೆಪಾಳ್ಯ. ಅಲ್ಲಿ ಸೈರನ್ ಕೂಗುತ್ತಲೇ ಇರುತ್ತದೆ, ಮುಂದಿನ ಕಾರು ಸರಿಯಲು ಜಾಗ ಇರಬೇಕಲ್ಲ. ಮೊದಲ ಒಂದು ಗಂಟೆ ಬಂಗಾರ ಅಂತ ಎಲ್ಲರೂ ಭಾಷಣ ಮಾಡುತ್ತಾರೆ. ನಮ್ಮ ಬಂಗಾರವೆಲ್ಲ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲೇ ಖರ್ಚಾಗುತ್ತದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ 7 ದಿನದವರೆಗೆ ಒಂದೂವರೆ ಲಕ್ಷದ ತನಕ ನಗದುರಹಿತ ಚಿಕಿತ್ಸೆ ಅಂತ ಕೇಂದ್ರದ ಯೋಜನೆ ಬಂದಿದೆ. ಒಳ್ಳೆಯದೇ. ಇದನ್ನು ಓದುವ ಎಲ್ಲರೂ ನೆನಪಿಟ್ಟುಕೊಳ್ಳಿ, ಆಸ್ಪತ್ರೆಯಲ್ಲಿ ಕೇಳಿ. ಕೇಳದೆ ಯಾರೂ ಹೇಳುವುದಿಲ್ಲ.

ಹಂಪ್ ಏನಾಯಿತು ಅಂತ ಹೇಳಿಬಿಡುತ್ತೇನೆ. ಅರ್ಜಿಗೆ ಉತ್ತರ ಬರಲಿಲ್ಲ. ಕೊನೆಗೆ ನಾವೇ ಒಂದು ಭಾನುವಾರ ಬಿಳಿ ಪೇಂಟ್ ತಂದು ಪಟ್ಟಿ ಬಳಿದೆವು. ನನ್ನ ಅಂಗಡಿಯಿಂದ ಕೆಂಪು ರಿಫ್ಲೆಕ್ಟರ್ ಸ್ಟಿಕ್ಕರ್ ತಂದು ಪಕ್ಕದ ಕಂಬಕ್ಕೆ ಅಂಟಿಸಿದೆ. ಎರಡೇ ದಿನಕ್ಕೆ ಒಬ್ಬರು ಜೀಪಿನಲ್ಲಿ ಬಂದರು. 'ರಸ್ತೆ ಮೇಲೆ ಪೇಂಟ್ ಮಾಡೋಕೆ ಯಾರ ಪರ್ಮಿಷನ್ ತಗೊಂಡಿದ್ದೀರಿ?' ಅಂತ ಕೇಳಿದರು. ಇಷ್ಟು ದಿನ ಆ ರಸ್ತೆ ಯಾರದ್ದು ಅಂತ ಗೊತ್ತಾಗದೆ ಒದ್ದಾಡುತ್ತಿದ್ದೆವು, ಮಾಲೀಕರು ಸಿಕ್ಕಿದರಲ್ಲ ಅಂತ ಅದೇ ಹಳೆಯ ಅರ್ಜಿಯ ಜೆರಾಕ್ಸ್ ಅವರ ಕೈಗೇ ಕೊಟ್ಟೆ. ಸಂಬಂಧಪಟ್ಟವರಿಗೆ ತಲುಪಿಸುತ್ತೇನೆ ಅಂದು ಜೀಪ್ ಹತ್ತಿದರು.