ಪರ-ವಿರೋಧ: ಗಡಿಯಲ್ಲಿ ಮುಖ ನೋಡಿ ಬದಿಗೆ ನಿಲ್ಲಿಸುವುದು ಸರಿಯೇ?

ಪರ: ಕೇಳುವುದು ಅವರ ಕೆಲಸ
(ಉಡುಪಿಯ ಒಬ್ಬ ಟ್ರಾವೆಲ್ ಏಜೆಂಟ್)

"ಪರವಾಗಿ ಬರೆಯಲು ಯಾರೂ ಸಿಗ್ತಿಲ್ಲ, ನೀವಾದ್ರೂ ಬರೆದುಕೊಡಿ" ಎಂದು ಫೋನ್ ಬಂದಾಗ ನಾನು ಆಫೀಸಿನ ಶಟರ್ ಎಳೆಯುತ್ತಿದ್ದೆ. ಹೂಂ ಅಂದುಬಿಟ್ಟೆ. ಮನೆಗೆ ಬಂದು ಹೇಳಿದರೆ ಹೆಂಡತಿ ಕೇಳಿದಳು: "ಎಂತ, ಮೈಬಣ್ಣ ನೋಡಿ ನಿಲ್ಲಿಸುವುದು ಸರಿ ಅಂತ ಬರೀತೀರಾ?" ಬಣ್ಣದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಪಾಸ್‌ಪೋರ್ಟಿನ ವಿಷಯ.

ಟಿಕೆಟ್, ವೀಸಾ ಮಾಡಿಸಿಕೊಡುವ ಈ ಕುರ್ಚಿಯಲ್ಲಿ ಕೂತು 27 ವರ್ಷವಾಯಿತು. ನಮ್ಮ ಮಂಗಳೂರು ಏರ್‌ಪೋರ್ಟ್ ಇರುವ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೂ ಮೊದಲು ನಮ್ಮವರು ಬಸ್ಸಿನಲ್ಲಿ ಮುಂಬೈಗೆ ಹೋಗಿ ಅಲ್ಲಿಂದ ವಿಮಾನ ಹತ್ತುತ್ತಿದ್ದರು. ಆಗಿನಿಂದಲೂ ನನ್ನ ಹತ್ತಿರ ಬರುವ ದೂರು ಒಂದೇ: "ಅಣ್ಣಾ, ನನ್ನನ್ನೇ ನಿಲ್ಲಿಸಿದ್ರು." ನಾನು ತಿರುಗಿ ಕೇಳುವುದೂ ಒಂದೇ: "ಹಳೇ ಪಾಸ್‌ಪೋರ್ಟ್ ಎಲ್ಲಿ?" ಹೆಚ್ಚಿನವರು ಮನೆಯಲ್ಲಿ ಬಿಟ್ಟು ಹೋಗಿರುತ್ತಾರೆ.

ಹೊಸ ಪಾಸ್‌ಪೋರ್ಟ್ ಕೊಡುವಾಗ ಹಳೆಯದರ ಮೂಲೆ ಕತ್ತರಿಸಿ, ರದ್ದಾಗಿದೆ ಎಂದು ಸೀಲ್ ಹೊಡೆದು ವಾಪಸ್ ಕೊಡುತ್ತಾರೆ. ಅದು ರದ್ದಿ ಅಲ್ಲ ಮಾರಾಯ್ರೆ. ನೀವು ಎಲ್ಲಿಗೆ ಹೋಗಿದ್ದಿರಿ, ಸಮಯಕ್ಕೆ ಸರಿಯಾಗಿ ವಾಪಸ್ ಬಂದಿದ್ದೀರಾ ಎಂಬುದರ ಸಾಕ್ಷಿ ಅದರಲ್ಲೇ ಇರುವುದು. ಹೊಸದರಲ್ಲಿ ಎಂತ ಉಂಟು? ಖಾಲಿ ಪುಟ. ಎರಡನ್ನೂ ಸೇರಿಸಿ ಒಂದು ರಬ್ಬರ್ ಬ್ಯಾಂಡ್ ಹಾಕಿ ಕೊಂಡುಹೋಗಿ.

ಖಾಲಿ ಪುಟವನ್ನು ಕಂಡು ಅಧಿಕಾರಿ ಅನುಮಾನಪಟ್ಟರೆ ಅದಕ್ಕೂ ಕಾರಣ ಉಂಟು. 2001ರ ಡಿಸೆಂಬರಿನಲ್ಲಿ ರಿಚರ್ಡ್ ರೀಡ್ ಎಂಬವನು ಬೂಟಿನೊಳಗೆ ಬಾಂಬ್ ಇಟ್ಟುಕೊಂಡು ಪ್ಯಾರಿಸ್‌ನಿಂದ ಮಯಾಮಿಗೆ ಹೊರಟ. ಅವನ ಕೈಯಲ್ಲಿದ್ದದ್ದು ಬ್ರಸೆಲ್ಸ್‌ನಲ್ಲಿ ಆಗಷ್ಟೇ ಮಾಡಿಸಿದ ಹೊಸ ಬ್ರಿಟಿಷ್ ಪಾಸ್‌ಪೋರ್ಟ್. ಮೊದಲ ದಿನ ಪ್ರಶ್ನೆ ಕೇಳಿ ಕೇಳಿ ಅವನಿಗೆ ವಿಮಾನವೇ ತಪ್ಪಿತು. ಮಾರನೇ ದಿನ ಬಿಟ್ಟರು. ಹತ್ತಿದ. ಪ್ರಯಾಣಿಕರೇ ಹಿಡಿದು ಕಟ್ಟಿಹಾಕಿದ್ದರಿಂದ ಎಲ್ಲರೂ ಉಳಿದರು. ಇನ್ನೂ ಜಾಸ್ತಿ ಕೇಳಬೇಕಿತ್ತು ಎಂದು ಆಮೇಲೆ ಎಲ್ಲರೂ ಹೇಳುವವರೇ.

ಹೆಸರಿನ ತಾಪತ್ರಯ ಬೇರೆ. 2022ರ ನವೆಂಬರಿನಲ್ಲಿ ಯುಎಇಯವರು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದರೆ ವಿಸಿಟ್ ವೀಸಾದಲ್ಲಿ ಬಿಡುವುದಿಲ್ಲ ಎಂದರು. ನಮ್ಮ ಕಡೆ ಎಷ್ಟು ಜನರಿಗೆ ಸರ್‌ನೇಮ್ ಅಂತ ಒಂದು ಇದೆ? ಓಡಿಹೋಗಿ ಅಪ್ಪನ ಹೆಸರು ಸೇರಿಸಿ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡರು. ಈಗ ಹಳೆಯದರಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು. ಕೇಳದೆ ಬಿಟ್ಟರೆ ಆ ಅಧಿಕಾರಿಗೆ ಸಂಬಳ ಯಾಕೆ ಕೊಡಬೇಕು?

ಕಾಪು ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಮೊದಲ ಪಾಸ್‌ಪೋರ್ಟ್, ಬ್ಯಾಂಕಾಕ್ ಟಿಕೆಟ್, ಟೂರ್ ಅಂತ ಹೇಳಿಕೆ. ಟಿಕೆಟ್ ನಾನು ಮಾಡಿದ್ದಲ್ಲ, ಆನ್‌ಲೈನಿನಲ್ಲಿ ಯಾರೋ ಮಾಡಿಕೊಟ್ಟದ್ದು. ನಮ್ಮ ದೇಶದ್ದೇ ಒಂದು ಏರ್‌ಪೋರ್ಟಿನಲ್ಲಿ ಅವನನ್ನು ನಿಲ್ಲಿಸಿ, ಹೋಟೆಲ್ ಎಲ್ಲಿ, ವಾಪಸ್ ಯಾವಾಗ ಎಂದೆಲ್ಲ ಕೇಳಿ, ಕೊನೆಗೆ ಹತ್ತಲು ಬಿಡದೆ ಮನೆಗೆ ಕಳಿಸಿದರು. ಹುಡುಗ ನನ್ನ ಎದುರು ಕೂತು ಕೂಗಾಡಿದ: ಬಡವನ ಮುಖ ನೋಡಿ ಹೀಗೆ ಮಾಡಿದರು ಅಂತ. ಆಮೇಲೆ ಮ್ಯಾನ್ಮಾರ್, ಕಾಂಬೋಡಿಯಾಗಳಲ್ಲಿ ಸೈಬರ್ ವಂಚನೆಯ ಕೆಲಸಕ್ಕೆ ಭಾರತದ ಹುಡುಗರನ್ನು ಕೂಡಿಹಾಕಿದ ಸುದ್ದಿ ಸಾಲು ಸಾಲಾಗಿ ಬಂತು. ಅವನ ಅಮ್ಮ ಒಂದು ಬುಟ್ಟಿ ಮಾವಿನಹಣ್ಣು ತಂದುಕೊಟ್ಟರು. ನನಗ್ಯಾಕೆ ಎಂದು ಈಗಲೂ ಗೊತ್ತಿಲ್ಲ, ನಿಲ್ಲಿಸಿದ್ದು ನಾನಲ್ಲ.

ಮಣಿಪಾಲದಲ್ಲಿ ರೂಮ್ ಬಾಡಿಗೆಗೆ ಕೊಡುವವರು ಊರು ಯಾವುದು, ಊಟ ಎಂತದ್ದು, ಯಾವ ಜನ ಎಂದು ಎಲ್ಲ ಕೇಳುತ್ತಾರೆ. ಯಾರಾದರೂ ಕೇಸ್ ಹಾಕುತ್ತಾರಾ? ನಮ್ಮ ಮನೆಗೆ ನಾವು ಕೇಳುವುದನ್ನು ಅವರ ದೇಶಕ್ಕೆ ಅವರು ಕೇಳುತ್ತಾರೆ. ಹತ್ತು ನಿಮಿಷ ನಿಂತರೆ ಕಾಲು ಸವೆಯುವುದಿಲ್ಲ.

ಬಣ್ಣದ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಅರ್ಧ ಪುಟ ಅಂದಿದ್ದರು, ಅದು ಮುಗಿಯಿತು.

ವಿರೋಧ: ಬಾಣಂತನ ಎಂದರೆ ಕೂಲಿ ಕೆಲಸವಾ?
(ಬ್ರಹ್ಮಾವರದ ಒಬ್ಬ ನಿವೃತ್ತ ಗಣಿತ ಶಿಕ್ಷಕಿ)

ನಾನು ಮಗಳ ಬಾಣಂತನಕ್ಕೆ ಹೊರಟಿದ್ದೆ. ಸೂಟ್‌ಕೇಸಿನಲ್ಲಿ ಬಾಣಂತಿ ಲೇಹ್ಯದ ಎರಡು ಬಾಟಲಿ, ಕಷಾಯದ ಪುಡಿ, ಕುಚ್ಚಲಕ್ಕಿ, ಹಲಸಿನ ಹಪ್ಪಳ, ಎಣ್ಣೆ ಸ್ನಾನಕ್ಕೆ ತೆಂಗಿನೆಣ್ಣೆ. ಕೈಯಲ್ಲಿ ಒಂದು ತಿಂಗಳ ಹಿಂದೆ ಬಂದ ಹೊಸ ಪಾಸ್‌ಪೋರ್ಟ್. ಹಳೆಯದರಲ್ಲಿ ಸಿಂಗಾಪುರ, ಮಸ್ಕತ್ ಸ್ಟಾಂಪ್‌ಗಳಿದ್ದವು. ಅದು ಮನೆಯಲ್ಲಿ ಕಪಾಟಿನ ಲಾಕರಿನೊಳಗೆ ಭದ್ರವಾಗಿತ್ತು.

ಯುರೋಪಿನ ಒಂದು ದೊಡ್ಡ ಏರ್‌ಪೋರ್ಟ್. ಊರು ಯಾವುದು ಎಂದು ಬರೆಯುವುದಿಲ್ಲ, ಮಗಳು ಇನ್ನೂ ಅಲ್ಲೇ ಇದ್ದಾಳೆ. ಸಾಲಿನಲ್ಲಿ ನನ್ನ ಮುಂದೆ ಒಬ್ಬ ಕೆಂಚು ಕೂದಲಿನ ಹುಡುಗ, ಆಸ್ಟ್ರೇಲಿಯದ ಪಾಸ್‌ಪೋರ್ಟ್. ಅದೂ ಹೊಸದೇ. ಪುಟ ಮುಚ್ಚಿಕೊಳ್ಳದ ಹಾಗೆ ಅಧಿಕಾರಿ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದದ್ದು ನನಗೆ ಕಂಡಿತು. ಅರ್ಧ ನಿಮಿಷ. ನಕ್ಕು ಕಳಿಸಿದ.

ಆಮೇಲೆ ನಾನು.

"ಈ ಪಾಸ್‌ಪೋರ್ಟ್ ಯಾಕೆ ಹೊಸದು?" ಹಳೆಯದು ಮುಗಿಯಿತು, ಸರ್. "ಹಳೆಯದು ಎಲ್ಲಿ?" ಮನೆಯಲ್ಲಿ. "ಯಾಕೆ ತರಲಿಲ್ಲ?" ಈ ಪ್ರಶ್ನೆಗೆ ಉತ್ತರ ಏನು ಹೇಳಿ? ಕೆಲಸಕ್ಕೆ ಬಾರದ ವಸ್ತುವನ್ನು ಯಾಕೆ ತರಲಿಲ್ಲ ಎಂದರೆ ಕೆಲಸಕ್ಕೆ ಬಾರದ್ದರಿಂದ ತರಲಿಲ್ಲ. "ಮೂರು ತಿಂಗಳು ಇಲ್ಲಿ ಏನು ಮಾಡುತ್ತೀರಿ?" ಮಗಳಿಗೆ ಹೆರಿಗೆ ಇದೆ. ಅಡುಗೆ ಮಾಡುತ್ತೇನೆ, ಮಗುವಿಗೆ ಮೀಯಿಸುತ್ತೇನೆ. "ಅಂದರೆ ಕೆಲಸ ಮಾಡಲು ಬಂದಿದ್ದೀರಿ?"

ಬಾಣಂತನ ಎಂಬುದಕ್ಕೆ ಇಂಗ್ಲಿಷಿನಲ್ಲಿ ಶಬ್ದ ಇಲ್ಲ. ನಾನು ಹುಡುಕಿದೆ. 34 ವರ್ಷ ಪಾಠ ಮಾಡಿದ ಬಾಯಿ ಒಣಗಿಹೋಯಿತು.

ಒಂದು ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಏಳು ಜನ ಇದ್ದರು. ಗಣಿತದವಳಲ್ವಾ, ಎಣಿಸಿದೆ. ಒಬ್ಬರ ಕೂದಲೂ ಕೆಂಚಲ್ಲ. ನನ್ನ ವಿಮಾನದಲ್ಲೇ ಪಕ್ಕದ ಸೀಟಿನಲ್ಲಿದ್ದ ಹುಡುಗಿಯೂ ಸ್ವಲ್ಪ ಹೊತ್ತಿಗೆ ಬಂದಳು. ಅಪ್ಪ ಅಮ್ಮ ಕುಂದಾಪುರ ಕಡೆಯವರು, ಅವಳು ಹುಟ್ಟಿದ್ದು ಮೆಲ್ಬರ್ನಿನಲ್ಲಿ. ಅವಳ ಕೈಯಲ್ಲಿದ್ದದ್ದೂ ಆ ಕೆಂಚು ಹುಡುಗನದ್ದೇ ದೇಶದ ಪಾಸ್‌ಪೋರ್ಟ್, ತುಂಬ ಸ್ಟಾಂಪ್‌ಗಳೂ ಇದ್ದವು. ದೇಶ ಒಂದೇ, ಸಾಲು ಒಂದೇ, ದಿನ ಒಂದೇ. ಬೇರೆ ಇದ್ದದ್ದು ಯಾವುದು? ಇದನ್ನು ಏಳನೇ ಕ್ಲಾಸಿನ ಮಕ್ಕಳೂ ಬಿಡಿಸಿ ಹೇಳುತ್ತಾರೆ.

ಒಂದು ಗಂಟೆ ಹತ್ತು ನಿಮಿಷ. ಹೊರಗೆ ಅಳಿಯ ಕಾಯುತ್ತಿದ್ದರು, ತುಂಬು ಬಸುರಿ ಮಗಳು ಕಾರಿನಲ್ಲಿ. ಕೊನೆಗೆ ಅವಳೇ ಫೋನಿನಲ್ಲಿ ಅವರ ಭಾಷೆಯಲ್ಲಿ ಮಾತಾಡಿದ ಮೇಲೆ ಸ್ಟಾಂಪ್ ಬಿತ್ತು. ಹೋಗುವಾಗ ಇನ್ನೊಂದು ಕಡೆ ಸೂಟ್‌ಕೇಸ್ ಬಿಚ್ಚಿಸಿ ಲೇಹ್ಯದ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿದರು. ಮೂಸಿದವನು ಮುಖ ಸಿಂಡರಿಸಿದ. ಅದಕ್ಕೆ ಮಾತ್ರ ನಾನು ಅವನನ್ನು ದೂರುವುದಿಲ್ಲ, ಮೂಸಿದರೆ ನನ್ನ ಮಗಳೂ ಹಾಗೇ ಮಾಡುತ್ತಾಳೆ.

ಈ ಕ್ರಮ ತಪ್ಪು ಎಂದು ನಾನೊಬ್ಬಳೇ ಹೇಳುತ್ತಿಲ್ಲ. 2001ರಲ್ಲಿ ಬ್ರಿಟನ್ ತನ್ನ ಅಧಿಕಾರಿಗಳನ್ನು ಪ್ರಾಗ್ ಏರ್‌ಪೋರ್ಟಿಗೇ ಕಳಿಸಿ ಲಂಡನ್ನಿಗೆ ಹೊರಟವರನ್ನು ಅಲ್ಲೇ ಸೋಸಿತು. ರೋಮಾ ಎಂಬ ಅಲ್ಪಸಂಖ್ಯಾತ ಜನಾಂಗದವರಿಗೆ ಹೆಚ್ಚು ಪ್ರಶ್ನೆ, ಉಳಿದವರಿಗೆ ಕಡಿಮೆ. 2004ರಲ್ಲಿ ಅವರದೇ ಹೌಸ್ ಆಫ್ ಲಾರ್ಡ್ಸ್ (ಆಗ ಅವರ ಅತಿ ಮೇಲಿನ ಕೋರ್ಟು ಅದೇ) ಅದು ಜನಾಂಗ ನೋಡಿ ಮಾಡಿದ ತಾರತಮ್ಯ ಎಂದು ತೀರ್ಪು ಕೊಟ್ಟಿತು. ನೆದರ್‌ಲೆಂಡ್ಸ್‌ನಲ್ಲಿ ಎಂಪಾಂಜು ಬಮೆಂಗಾ ಎಂಬ ನಗರಸಭಾ ಸದಸ್ಯರನ್ನು 2018ರಲ್ಲಿ ಐಂಡ್‌ಹೋವನ್ ಏರ್‌ಪೋರ್ಟಿನಲ್ಲಿ ಸಾಲಿನಿಂದ ಬದಿಗೆ ಕರೆದರು, ಅವರ ಸ್ವಂತ ಊರಿನಲ್ಲೇ! ಕೆಳಗಿನ ಕೋರ್ಟಿನಲ್ಲಿ ಸೋತರು. 2023ರಲ್ಲಿ ಹೇಗ್‌ನ ಮೇಲ್ಮನವಿ ಕೋರ್ಟು ಆಯ್ಕೆಗೆ ಮೈಬಣ್ಣವನ್ನು ಬಳಸಬಾರದು ಎಂದಿತು. ಅವರ ಕೋರ್ಟುಗಳೇ ಹೀಗೆ ಹೇಳಿದ ಮೇಲೆ "ಅವರ ಗಡಿ, ಅವರ ಇಷ್ಟ" ಎನ್ನಲು ನಮ್ಮೂರಿನವರಿಗೇನು ಅವಸರ?

ಪರವಾಗಿ ಬರೆಯುವವರು ಟ್ರಾವೆಲ್ ಏಜೆಂಟರಂತೆ. ಹಳೇ ಪಾಸ್‌ಪೋರ್ಟ್ ಕೊಂಡುಹೋಗಿ ಎಂದೇ ಬರೆದಿರುತ್ತಾರೆ, ಓದದೆಯೂ ಗೊತ್ತು. ಹೊಸ ಪಾಸ್‌ಪೋರ್ಟ್ ಇದ್ದವರೆಲ್ಲ ಬಾಂಬ್ ಇಡುವವರಾದರೆ, ಹತ್ತು ವರ್ಷಕ್ಕೊಮ್ಮೆ ಸರ್ಕಾರವೇ ನಮ್ಮನ್ನೆಲ್ಲ ಭಯೋತ್ಪಾದಕರನ್ನಾಗಿ ಮಾಡುತ್ತದೆ ಅನ್ನಬೇಕು. ಕಾಗದ ಸರಿ ಇದ್ದರೆ ಸಾಕಾ? 2009ರಲ್ಲಿ ಶಾರುಖ್ ಖಾನ್ ಅವರನ್ನು ಅಮೆರಿಕದ ನ್ಯೂಆರ್ಕ್ ಏರ್‌ಪೋರ್ಟಿನಲ್ಲಿ ಕೂರಿಸಿಕೊಂಡರಲ್ಲ, ಅವರ ಕಾಗದದಲ್ಲಿ ಏನು ಕೊರತೆ ಇತ್ತು? ಮಂಗಳೂರಿನಲ್ಲಿ ಬಾಲ್ಯದ ಮೊದಲ ವರ್ಷಗಳನ್ನು ಕಳೆದವರು, ಅಜ್ಜ ಇಲ್ಲಿನ ಬಂದರಿನಲ್ಲಿ ಇಂಜಿನಿಯರ್ ಎಂದು ನಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 2011ರಲ್ಲಿ ನ್ಯೂಯಾರ್ಕಿನಲ್ಲಿ ಅಬ್ದುಲ್ ಕಲಾಂ ಅವರ ಕೋಟು, ಬೂಟು ಬಿಚ್ಚಿಸಿ ನೋಡಿದರು. ಆಮೇಲೆ ಕ್ಷಮೆ ಕೇಳಿದರು ಅನ್ನಿ. ನನ್ನ ಹತ್ತಿರ ಯಾರೂ ಕೇಳಲಿಲ್ಲ.

ಇನ್ನೊಂದು ವಿಷಯ ಬರೆಯಬೇಕಾ ಬೇಡವಾ ಎಂದು ಎರಡು ದಿನ ಯೋಚಿಸಿದೆ. ನಮ್ಮ ಶಾಲೆಯಲ್ಲಿ ಉಳ್ಳಾಲದ ಒಬ್ಬ ಬ್ಯಾರಿ (ನಮ್ಮ ಕರಾವಳಿಯ ಮುಸ್ಲಿಂ) ಮೇಡಂ ಹಿಂದಿ ಕಲಿಸುತ್ತಿದ್ದರು. ಉಮ್ರಾಕ್ಕೆ ಹೋಗುವಾಗ ನಮ್ಮ ದೇಶದಲ್ಲೇ ಅವರನ್ನು ಬದಿಗೆ ಕರೆದು ಎಲ್ಲ ಬಿಚ್ಚಿಸಿ ನೋಡಿದರಂತೆ. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಾಗ ನಾನು "ಸುಮ್ನೆ ಮನಸ್ಸಿಗೆ ಹಚ್ಕೋಬೇಡಿ ಮೇಡಂ, ಎಲ್ಲರಿಗೂ ಮಾಡ್ತಾರೆ" ಎಂದಿದ್ದೆ. ನನಗೆ ಯಾರೂ ಮಾಡಿರಲಿಲ್ಲ.

2020ರ ಜನವರಿಯಲ್ಲಿ ಮಂಗಳೂರು ಏರ್‌ಪೋರ್ಟಿನಲ್ಲಿ ಬ್ಯಾಗಿನಲ್ಲಿ ಬಾಂಬ್ ಸಿಕ್ಕಿತಲ್ಲ, ಆ ಸಂಜೆ ನಮ್ಮ ಟೀಚರ್ಸ್ ವಾಟ್ಸಾಪ್ ಗ್ರೂಪಿನಲ್ಲಿ ಇಟ್ಟವರು ಯಾವ ಜನ ಎಂದು ತೀರ್ಪೇ ಆಗಿಹೋಗಿತ್ತು. ಒಂದು ಮೆಸೇಜ್ ನಾನೂ ಮುಂದೆ ಕಳಿಸಿದ್ದೆ. ಎರಡು ದಿನ ಬಿಟ್ಟು ಬೆಂಗಳೂರಿನಲ್ಲಿ ಶರಣಾದವನು ನಮ್ಮ ಉಡುಪಿ ಕಡೆಯವನು, ಇಂಜಿನಿಯರಿಂಗ್ ಓದಿದವನು, ಆ ಮೇಡಂ ಜಾತಿಯವನಲ್ಲ. ಗ್ರೂಪಿನಲ್ಲಿ ಆಮೇಲೆ ಎರಡು ದಿನ ಗುಡ್ ಮಾರ್ನಿಂಗ್ ಕೂಡ ಬರಲಿಲ್ಲ. ಆ ಮೇಡಂ ಗ್ರೂಪಿನಲ್ಲೇ ಇದ್ದರು.

ಏರ್‌ಪೋರ್ಟಿನ ಆ ಕೋಣೆಯಲ್ಲಿ ಕೂತಿದ್ದಾಗ ನೆನಪಾದದ್ದು ಅವರೇ. ಊರಿಗೆ ಬಂದ ಮೇಲೆ ಫೋನ್ ಮಾಡಿದೆ. ಬಾಣಂತನದ ಕಥೆ ಎಲ್ಲ ಹೇಳಿದೆ. ಅವರು ತುಂಬ ನಕ್ಕರು, ಲೇಹ್ಯದ ಭಾಗಕ್ಕಂತೂ ಜಾಸ್ತಿ. ನಾನು ಹೇಳಬೇಕೆಂದಿದ್ದದ್ದು ಮಾತ್ರ ಆ ದಿನ ಬಾಯಿಗೆ ಬರಲಿಲ್ಲ.

ಮೊಮ್ಮಗಳಿಗೆ ಈಗ ಪಾಸ್‌ಪೋರ್ಟ್ ಬಂದಿದೆ, ಭಾರತದ್ದೇ. ಮಕ್ಕಳದ್ದು ಐದೇ ವರ್ಷ, ಆಮೇಲೆ ಮತ್ತೆ ಹೊಸದು ಮಾಡಿಸಬೇಕು.